ಕಿತ್ತೂರು–ಈಸ್ಟ್ ಇಂಡಿಯಾ ಕಂಪನಿ ಸಂಬಂಧ

ಕಿತ್ತೂರು–ಈಸ್ಟ್ ಇಂಡಿಯಾ ಕಂಪನಿ ಸಂಬಂಧ: ಈಗಿನ ಬೆಳಗಾವಿ ಜಿಲ್ಲೆಯ ಕಿತ್ತೂರು ದೇಸಗತಿಗೂ ಬ್ರಿಟಿಷ್ ಕಂಪನಿಗೂ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಇದ್ದ ರಾಜಕೀಯ ವ್ಯವಹಾರ. ಪೇಶ್ವೆಗೆ ಕಪ್ಪ ಕೊಡುತ್ತಿದ್ದ ಕಿತ್ತೂರು, 1818ರಲ್ಲಿ ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಕಂಪನಿಗೆ ನೆರವಾಯಿತು. ಪ್ರತಿಯಾಗಿ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ದೇಸಗತಿಯನ್ನು ದೇಸಾಯಿ ಶಿವಲಿಂಗರುದ್ರಸರ್ಜನಿಗೇ ಉಳಿಸಿಕೊಟ್ಟ.

ಈ ಸ್ನೇಹ ಮುರಿದದ್ದು ದತ್ತಕದ ಪ್ರಶ್ನೆಯಿಂದ. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡ. ಆತ ದತ್ತು ಪಡೆದದ್ದನ್ನು ತಿಳಿಸುವ ಪತ್ರದಲ್ಲಿದ್ದ ಸಹಿಯನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ. ಖಜಾನೆಗೆ ಮೊಹರು ಹಾಕಿ ಕಾವಲಿಟ್ಟ. ದತ್ತಕವನ್ನು ಒಪ್ಪದ ಡಾಲ್‌ಹೌಸಿಯ ನೀತಿಗಿಂತ ಎರಡು ದಶಕ ಮೊದಲೇ ಈ ನಿರಾಕರಣೆ ನಡೆದಿತ್ತು. ದತ್ತಕವನ್ನು ಒಪ್ಪಬೇಕೆಂಬ ಕಿತ್ತೂರಿನ ರಾಣಿ ಚೆನ್ನಮ್ಮನ ಮನವಿಗಳು ಫಲಿಸಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಸೆರೆಸಿಕ್ಕ ಅಧಿಕಾರಿಗಳಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸಂಧಾನದ ಒತ್ತೆಯಾಳುಗಳಾದರು. ಅವರನ್ನು ಬಿಟ್ಟುಕೊಟ್ಟರೂ ಕಂಪನಿಯ ದಂಡು ಹಿಂದೆ ಸರಿಯಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಮಡಿದಳು. ಸಮಾಧಿ ಅಲ್ಲಿಯೇ ಇದೆ. ದತ್ತುಪುತ್ರನ ಹಕ್ಕಿಗಾಗಿ ಮತ್ತೆ ಬಂಡೆದ್ದ ಕಿತ್ತೂರಿನ ಯೋಧ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.