ಟಿವಿಯಲ್ಲಿ ಕ್ಯಾಪ್ಷನ್ ಇದ್ದರೆ ಎಲ್ಲರಿಗೂ ಸಾಕೇ?

ಮಾತುಗಳು ಪರದೆಯ ಕೆಳಗೆ ಅಕ್ಷರವಾಗಿ ಮೂಡಿದರೆ ಕಿವಿ ಕೇಳದವರು ಕಾರ್ಯಕ್ರಮವನ್ನು ಅರ್ಥ ಮಾಡಿಕೊಳ್ಳಬಹುದು. ಕಣ್ಣು ಕಾಣದವರಿಗೆ ಅದರಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ದೃಶ್ಯ ವಿವರಣೆ, ಅಂದರೆ ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ ‘ಆಕೆ ಪತ್ರವನ್ನು ಹರಿದು ಹಾಕುತ್ತಾಳೆ’ ಎಂದು ಹೇಳುವ ಇನ್ನೊಂದು ದನಿ.

ಅಮೆರಿಕದಲ್ಲಿ ಇವೆರಡೂ ಒಟ್ಟಿಗೆ ಬರಲಿಲ್ಲ. 1990ರ ಕಾಯ್ದೆಯಂತೆ, 1993ರ ಜುಲೈನಿಂದ 13 ಇಂಚು ಅಥವಾ ಅದಕ್ಕಿಂತ ದೊಡ್ಡ ಪರದೆಯ ಹೊಸ ಟಿವಿಗಳಲ್ಲಿ ಕ್ಯಾಪ್ಷನ್ ತೋರಿಸುವ ಸರ್ಕ್ಯೂಟ್ ಕಡ್ಡಾಯವಾಯಿತು. (ಅದಕ್ಕೂ ಮೊದಲು ಪ್ರತ್ಯೇಕ ಡಬ್ಬಿ ಕೊಳ್ಳಬೇಕಿತ್ತು.) ದೃಶ್ಯ ವಿವರಣೆಗೆ ಅಲ್ಲಿನ ಸಂಪರ್ಕ ಆಯೋಗ 2000ರಲ್ಲಿ ನಿಯಮ ಮಾಡಿತಾದರೂ, ಆಯೋಗಕ್ಕೆ ಆ ಅಧಿಕಾರವೇ ಇಲ್ಲವೆಂದು ನ್ಯಾಯಾಲಯ 2002ರಲ್ಲಿ ಅದನ್ನು ರದ್ದುಪಡಿಸಿತು. ಆ ಅಧಿಕಾರ ಕೊಡುವ ಕಾಯ್ದೆ ಬಂದದ್ದು 2010ರಲ್ಲಿ, ನಿಯಮ ಮರಳಿದ್ದು 2012ರ ಜುಲೈನಲ್ಲಿ. ಅದೂ ಪ್ರಮುಖ ವಾಹಿನಿಗಳಿಗೆ ಮಾತ್ರ, ಮೂರು ತಿಂಗಳಿಗೆ 50 ಗಂಟೆ. 2018ರಲ್ಲಿ ಇದನ್ನು 87.5 ಗಂಟೆಗೆ ಏರಿಸಿದರು. ಲೆಕ್ಕ ಹಾಕಿದರೆ ದಿನಕ್ಕೆ ಒಂದು ಗಂಟೆಯೂ ಆಗದು!

ಮನರಂಜನೆಯ ಮಾತು ಬಿಡಿ. ಸಿನಿಮಾ ಓಡುತ್ತಿರುವಾಗ ಚಂಡಮಾರುತದ ಎಚ್ಚರಿಕೆ ಬರೀ ಅಕ್ಷರಗಳಲ್ಲಿ ಹರಿದುಹೋದರೆ? ಅಲ್ಲೀಗ ಇದಕ್ಕೂ ನಿಯಮವಿದೆ. ಅಂಥ ಬರಹದೊಂದಿಗೆ ಗಮನ ಸೆಳೆಯುವ ಸದ್ದು ಕೇಳಿಸಬೇಕು, ಎರಡನೇ ಆಡಿಯೋದಲ್ಲಿ ಆ ಮಾಹಿತಿಯನ್ನು ಹೇಳಬೇಕು.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ದೃಶ್ಯ ವಿವರಣೆ, ಸಂಜ್ಞೆ ಭಾಷೆ, ಕ್ಯಾಪ್ಷನ್ ಮೂರನ್ನೂ ಹೆಸರಿಸುತ್ತದೆ. ಆದರೆ ಟಿವಿ ಕಾರ್ಯಕ್ರಮಗಳಿಗಾಗಿ 2019ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾನದಂಡಗಳು ಶ್ರವಣದೋಷವುಳ್ಳವರಿಗೆ ಸೀಮಿತ.