ಒಳ್ಳೆ ಚಟಕ್ಕೆ ಬೈಯೋದು ಹೇಗೆ? ತಾಲೀಮಿನಿಂದ ಜಿಮ್‌ವರೆಗೆ, ಹೆಂಡತಿಯ ಕಡೆಯಿಂದ ಒಂದು ಚರಿತ್ರೆ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ರೋಣ ತಾಲ್ಲೂಕಿನ ಮೆಣಸಗಿಯಿಂದ ಒಬ್ಬ ಕೇಳುಗರು ಕಳಿಸಿದ್ದು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ. ಅವರ ಮಾತಲ್ಲೇ ಕೇಳಿ:

“ಅಣ್ಣಾ, ನಮ್ಮನಿಯವ್ರು ಪೊಲೀಸ್ ಭರ್ತಿಗಂತ ಓಡಾಕ ಸುರು ಮಾಡಿದ್ರು. ವಯಸ್ಸು ಮೀರಿ ನಾಕ ವರ್ಷ ಆತು, ಓಡೂದು ಮಾತ್ರ ನಿಂತಿಲ್ಲ. ನಸಕಿನ್ಯಾಗ ನಾಕಕ್ಕ ಎದ್ದು ಹೊಕ್ಕಾರ, ಸಂಜಿಕಿ ಮತ್ತ ರೋಣದಾಗ ಜಿಮ್ಮು. ಹೆಸರು ಬಿಡಸೂ ದಿನದಾಗೂ ತಪ್ಪಸಂಗಿಲ್ಲ. ಮೊಣಕಾಲು ಬಾತೈತಿ, ಪಟ್ಟಿ ಕಟಗೊಂಡು ಹೊಕ್ಕಾರ. ನಾ ಏನರ ಅಂದ್ರ, ‘ಕುಡುದು ಬರಾವನ್ನ ಕಟಗೊಂಡಿದ್ರ ಗೊತ್ತಾಗತಿತ್ತು ನಿನಗ’ ಅಂತಾರ. ಅತ್ತಿನೂ ಅದನ್ನ ಅಂತಾರ. ಇದು ಈಗಿನ ಕಾಲದ ಹುಚ್ಚೋ, ಮೊದಲಿಂದೂ ಹಿಂಗ ಇತ್ತೋ?”

ಈ ಮೆಸೇಜನ್ನ ನಾನು ಮೂರು ಸಲ ಕೇಳಿದೆ. ಯಾಕಂದ್ರೆ ಆ ಗಂಡ ಹೇಳೋ ಮಾತಿಗೆ ಉತ್ತರ ಕೊಡೋದು ಕಷ್ಟ. ಗಂಡ ಕುಡಿದರೆ ಹೆಂಡತಿ ತವರಿಗೆ ಹೋಗಿ ಹೇಳಬಹುದು, ಊರ ಹಿರಿಯರನ್ನ ಕೂಡಿಸಬಹುದು, ದೇವರಿಗೆ ಹರಕೆ ಹೊರಬಹುದು. ಸಾಮು ಬಿಡಿಸಪ್ಪಾ ಅಂತ ಯಾವ ದೇವರಿಗೆ ಹರಕೆ ಹೊರ್ತೀರಿ? ಹನುಮಪ್ಪನಿಗಾ? ಅವನು ಗರಡಿ ಮನೆಯಲ್ಲೇ ಕೂತಿದಾನೆ!

ಸರಿ, ಇದು ಮೊದಲಿಂದಲೂ ಹೀಗೇ ಇತ್ತಾ? ಒಂಬೈನೂರು ವರ್ಷ ಹಿಂದೆ ಹೋಗೋಣ.

ಆಗ ಈ ಸೀಮೆಯೆಲ್ಲ ಕಲ್ಯಾಣದ ಚಾಲುಕ್ಯರದು. ಗಜೇಂದ್ರಗಡ ತಾಲ್ಲೂಕಿನ ಸೂಡಿಯ ಗುಡಿಗಳನ್ನ ನೋಡಿದವರಿಗೆ ಗೊತ್ತು. (ಆ ಸೂಡಿಯಿಂದ ಆಳಿದ ಅಕ್ಕಾದೇವಿ ಸ್ವತಃ ಸೈನ್ಯ ತಗೊಂಡು ಗೋಕಾಕ ಕೋಟೆಗೆ ಮುತ್ತಿಗೆ ಹಾಕಿದ ಹೆಣ್ಣುಮಗಳು. ಅವಳ ಮೇಲೆ ಇನ್ನೊಂದು ಸಂಚಿಕೆ ಮಾಡಲೇಬೇಕು.) ಈ ವಂಶದ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಯುದ್ಧಕ್ಕಿಂತ ಪುಸ್ತಕದ ಹುಚ್ಚು ಜಾಸ್ತಿ. ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯ. ಅಡುಗೆ, ಆನೆ, ಸಂಗೀತ, ಚಿತ್ರ, ಎಲ್ಲಾ ಇದೆ. ಅದರಲ್ಲಿ ಒಂದು ‘ಮಲ್ಲವಿನೋದ’, ಕುಸ್ತಿಯ ಅಧ್ಯಾಯ.

ಅಲ್ಲಿ ಮಲ್ಲರನ್ನ ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸಿದ್ದಾರೆ. ಏನು ತಿನ್ನಬೇಕು ಅನ್ನೋದೂ ಇದೆ: ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಜೊತೆಗೆ ಉತ್ತಮ ಸಿಹಿತಿಂಡಿ. ಇದನ್ನೆಲ್ಲ ಒದಗಿಸೋದು ರಾಜನ ಕರ್ತವ್ಯ. ನಂತರ ಬರುತ್ತೆ ನಮಗೆ ಬೇಕಾದ ಸಾಲು: ಮಲ್ಲರನ್ನ ಹೆಂಗಸರಿಂದ ದೂರ ಇಡಬೇಕು. ಅವರ ಗಮನವೆಲ್ಲ ಮೈ ಬೆಳೆಸೋದರ ಮೇಲೇ ಇರಬೇಕು.

ನೋಡಿ, ಆ ಕಾಲದಲ್ಲೇ ವ್ಯಾಯಾಮ ಮತ್ತು ಸಂಸಾರ ಒಂದೇ ಸೂರಿನಡಿ ಹೊಂದಲ್ಲ ಅಂತ ತೀರ್ಮಾನ ಆಗಿತ್ತು. ಆದರೆ ಅರಮನೆ ಆ ಸಮಸ್ಯೆಯನ್ನ ದುಡ್ಡು ಕೊಟ್ಟು ಬಗೆಹರಿಸಿತ್ತು. ಮಲ್ಲ ಅಂದ್ರೆ ರಾಜನ ಸಂಬಳದ ಆಳು. ಅವನ ದಿನ ಪೂರ್ತಿ ರಾಜನದು, ಖರ್ಚೂ ರಾಜನದು.

ಊರಿನ ತಾಲೀಮಿಗೆ ಬಂದರೆ ಲೆಕ್ಕ ಬದಲಾಗುತ್ತೆ. ನಮ್ಮ ಉತ್ತರ ಕರ್ನಾಟಕದ ಕುಸ್ತಿಗೆ ಕೊಲ್ಲಾಪುರದ ನಂಟು ದೊಡ್ಡದು. ಅಲ್ಲಿನ ಶಾಹು ಮಹಾರಾಜರು ಕುಸ್ತಿಗೆ ಅಂತಲೇ 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದ್ರು, ಬೆಳಗಾವಿ-ಧಾರವಾಡ ಕಡೆಯ ಪೈಲ್ವಾನರಿಗೆ ಅದು ಕಾಶಿ ಇದ್ದಂಗೆ. ಆದರೆ ರಾಜಾಶ್ರಯ ಸಿಕ್ಕಿದ್ದು ಕೆಲವರಿಗೆ. ಉಳಿದವರು ಊರಲ್ಲೇ ಕೆಂಪು ಮಣ್ಣಿನ ಅಖಾಡದಲ್ಲಿ ದಂಡ, ಬೈಠಕ್ ಹೊಡೆದವರು, ಸಂಗ್ರಾಣಿ ಕಲ್ಲು ಎತ್ತಿದವರು. ಅವರ ಖುರಾಕು ಎಲ್ಲಿಂದ ಬರಬೇಕು? ಮನೆಯ ಎಮ್ಮೆಯಿಂದ. ಮಾರಿದ್ರೆ ಎಣ್ಣೆ-ಉಪ್ಪಿಗೆ ಆಗೋ ಹಾಲು, ತುಪ್ಪ ಒಬ್ಬನ ತಾಟಿಗೆ. ಮೇಲೆ ಲಂಗೋಟದ ನೇಮ ಬೇರೆ, ಅಂದ್ರೆ ಬ್ರಹ್ಮಚರ್ಯ. ಮದುವೆ ಆದವನಿಗೂ ಕುಸ್ತಿಯ ದಿನ ಹತ್ತಿರ ಬಂದ್ರೆ ಅದೇ ನೇಮ.

ಎಷ್ಟು ಸಾಮು? ಗಾಮಾ ಪೈಲ್ವಾನ ದಿನಕ್ಕೆ ಐದು ಸಾವಿರ ಬೈಠಕ್, ಮೂರು ಸಾವಿರ ದಂಡ ಹೊಡೀತಿದ್ದ ಅಂತ ಪ್ರತೀತಿ. ಲೆಕ್ಕ ಉತ್ಪ್ರೇಕ್ಷೆಯೇ ಇರಲಿ, ಈ ಅಂಕಿ ಹೇಳುವಾಗ ನಮ್ಮ ದನಿ ಗಮನಿಸಿ. ಹೆಮ್ಮೆ! ಅದೇ ಮನುಷ್ಯ ದಿನಕ್ಕೆ ಐದು ಸಾವಿರ ಸಲ ಇಸ್ಪೀಟು ಎಲೆ ಹಾಕಿದ್ದರೆ? ಮತ್ತೆ, ಆ ಹೊತ್ತಲ್ಲಿ ಮನೆಯಲ್ಲಿ ಯಾರು ಏನು ಮಾಡ್ತಿದ್ರು ಅಂತ ಯಾರೂ ಬರೆದಿಟ್ಟಿಲ್ಲ.

ಬೆಂಗಳೂರಿನ ಕೆ.ವಿ. ಅಯ್ಯರ್ ಬಂದ ಮೇಲೆ ಸಾಮು ಮಣ್ಣಿನಿಂದ ಕನ್ನಡಿ ಮುಂದೆ ಬಂತು. ಹರ್ಕ್ಯುಲಿಸ್ ಜಿಮ್ನೇಷಿಯಂ, 1930ರ ‘ಮಸಲ್ ಕಲ್ಟ್’ ಪುಸ್ತಕ, ಅಂಚೆಯಲ್ಲಿ ವ್ಯಾಯಾಮ ಪಾಠ. ಇದೇ ಮನುಷ್ಯ ‘ಶಾಂತಲಾ’ ಕಾದಂಬರಿ ಬರೆದವರೂ ಹೌದು. ಕುಸ್ತಿ ಗೆಲ್ಲೋದು ಬೇಡ, ಮೈ ಚೆಂದ ಇದ್ದರೆ ಸಾಕು ಅನ್ನೋ ಕಾಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಕುಸ್ತಿಗೆ ಒಂದು ಮುಗಿಯೋ ದಿನ ಇತ್ತು, ಜಾತ್ರೆ ಮುಗೀತು ಅಂದ್ರೆ ಪೈಲ್ವಾನ ಒಂದಿಷ್ಟು ದಿನ ಮನೆಯವನು. ಕನ್ನಡಿಗೆ ಅಂಥ ದಿನ ಇಲ್ಲ. ಮೆಣಸಗಿಯ ಆ ಗಂಡನಿಗೂ ಭರ್ತಿಯ ದಿನ ದಾಟಿ ಹೋಗಿದೆ.

ಈಗ ನನ್ನ ತಲೆಯಲ್ಲಿ ಬಹಳ ದಿನದಿಂದ ಇರೋ ಜೋಡಿಯ ಕಥೆ. ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ರಮಾಮಣಿ.

ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ, ಇನ್‌ಫ್ಲುಯೆಂಜಾ ಹೊತ್ತಲ್ಲಿ. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ, ಎಲ್ಲಾ ಬಂದು ಹೋದವು. ಅಕ್ಕನ ಗಂಡ ಕೃಷ್ಣಮಾಚಾರ್ಯರು ಮೈಸೂರು ಅರಮನೆಯ ಯೋಗಶಾಲೆಯ ಗುರು. ಅವರ ಹತ್ತಿರ ಈ ಬಡಕಲು ಹುಡುಗ ಯೋಗ ಕಲಿತ. 1936ರಲ್ಲಿ ಗುರುವಿನ ಜೊತೆ ನಮ್ಮ ಕಡೆ ಪ್ರವಾಸ ಬಂದಾಗ ಧಾರವಾಡದಲ್ಲಿ ಹೆಂಗಸರು ‘ನಮಗೂ ಕಲಿಸಿ’ ಅಂದ್ರು. ಶಿಷ್ಯರಲ್ಲೆಲ್ಲ ಸಣ್ಣವನು ಇವನೇ, ಆದ್ದರಿಂದ ಇವನನ್ನ ಕಳಿಸಿದ್ರು. ಅವರ ಮೇಷ್ಟ್ರುಗಿರಿ ಶುರುವಾಗಿದ್ದು ಹೀಗೆ, ಧಾರವಾಡದ ಹೆಂಗಸರಿಂದ!

1937ರಲ್ಲಿ ಪುಣೆಗೆ ಹೋದ್ರು. ಭಾಷೆ ಬರಲ್ಲ, ದುಡ್ಡಿಲ್ಲ, ಶಿಷ್ಯರು ಇವರಿಗಿಂತ ಗಟ್ಟಿ. ದಿನಕ್ಕೆ ಹತ್ತು ಗಂಟೆ ಅಭ್ಯಾಸ ಮಾಡ್ತಿದ್ರಂತೆ. ಎಷ್ಟೋ ದಿನ ಹೊಟ್ಟೆಗೆ ಬರೀ ಟೀ, ನಲ್ಲಿ ನೀರು. ಇವತ್ತಿನ ಯಾವ ಡಾಕ್ಟರಿಗೆ ತೋರಿಸಿದ್ರೂ ‘ಇದು ಅತಿ ಆಯ್ತು’ ಅಂತಾನೇ ಅಂತಾರೆ.

ಇಂಥವರಿಗೆ 1943ರಲ್ಲಿ ಮದುವೆ. ರಮಾಮಣಿಗೆ ಆಗ ಹದಿನಾರು. ಯೋಗದ ಗಂಧಗಾಳಿ ಗೊತ್ತಿಲ್ಲ. ಪುಣೆಗೆ ಬಂದಾಗ ಮನೆಯಲ್ಲಿ ಪಾತ್ರೆಗಳಿಗೂ ಬರ. ಆಮೇಲೆ ನಡೆದದ್ದು ವಿಚಿತ್ರ. ಗಂಡ ಅಭ್ಯಾಸ ಬಿಡಲಿಲ್ಲ, ಹೆಂಡತಿಯನ್ನ ಅದರೊಳಗೆ ತಂದ್ರು. ಆಸನ ಕಲಿಸಿದ್ರು, ತಮ್ಮ ಆಸನ ನೋಡಿ ಎಲ್ಲಿ ಸೊಟ್ಟ ಇದೆ ಹೇಳು, ಕೈ ಹಿಡಿದು ತಿದ್ದು ಅಂದ್ರು. ಕನ್ನಡಿಯ ಜಾಗದಲ್ಲಿ ಹೆಂಡತಿ ನಿಂತ್ರು ಅನ್ನಿ. ಆರು ಮಕ್ಕಳಾದ್ರು. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಪರಿಚಯ, 1954ರಿಂದ ವಿದೇಶ ಪ್ರವಾಸ. ಆಗೆಲ್ಲ ಮನೆ, ಮಕ್ಕಳು ರಮಾಮಣಿ ಮೇಲೆ. ಹಿರಿಮಗಳು ಗೀತಾಗೆ ಚಿಕ್ಕಂದಿನಲ್ಲೇ ಮೂತ್ರಪಿಂಡದ ಕಾಯಿಲೆ ಬಂದಿತ್ತು, ಅವರೂ ಯೋಗಕ್ಕೇ ಬಂದು ಮುಂದೆ ಹೆಂಗಸರಿಗಾಗಿಯೇ ಒಂದು ಪುಸ್ತಕ ಬರೆದ್ರು.

ಪುಣೆಯಲ್ಲಿ ಸ್ವಂತ ಸಂಸ್ಥೆಗೆ ಭೂಮಿಪೂಜೆ ಆಗಿದ್ದು 1973ರ ಜನವರಿಯಲ್ಲಿ. ಪೂಜೆಗೆ ಕೂತವರು ರಮಾಮಣಿ. ಕೆಲವೇ ದಿನದಲ್ಲಿ ತೀರಿಕೊಂಡ್ರು, ಇನ್ನೂ ಐವತ್ತು ಆಗಿರಲಿಲ್ಲ. 1975ರಲ್ಲಿ ಸಂಸ್ಥೆಗೆ ಅವರದೇ ಹೆಸರಿಟ್ರು. ಅಯ್ಯಂಗಾರ್ 2014ರವರೆಗೆ, ತೊಂಬತ್ತೈದು ವರ್ಷ ಬದುಕಿದ್ರು.

ಇದನ್ನ ಆದರ್ಶ ದಾಂಪತ್ಯ ಅಂತ ಹೇಳೋರು ಬಹಳ ಜನ. ಇರಬಹುದು. ನನಗೆ ಅನ್ನಿಸೋದು ಬೇರೆ: ಈ ಕಥೆಯನ್ನ ನಮಗೆ ತಲುಪಿಸಿದ ದನಿ ಹೆಚ್ಚಾಗಿ ಗಂಡನದು. ಆ ಹತ್ತು ಗಂಟೆ ಗಂಡನ ಕಡೆಯಿಂದ ತಪಸ್ಸು. ಹಸಿದ ಕೂಸನ್ನ ಎತ್ತಿಕೊಂಡ ಹದಿನೇಳರ ಹುಡುಗಿಗೆ ಅದು ಏನಾಗಿ ಕಾಣ್ತಿತ್ತು?

ಇನ್ನು ವಿಜ್ಞಾನದ ಮಾತು, ಚುಟುಕಾಗಿ. 1970ರಲ್ಲಿ ಫ್ರೆಡ್ರಿಕ್ ಬೇಕ್‌ಲ್ಯಾಂಡ್ ಅನ್ನೋ ಅಮೆರಿಕದ ಸಂಶೋಧಕ, ವ್ಯಾಯಾಮ ನಿಲ್ಲಿಸಿದ್ರೆ ನಿದ್ದೆಗೆ ಏನಾಗುತ್ತೆ ಅಂತ ನೋಡೋಕೆ ಹೊರಟ. ಒಂದು ತಿಂಗಳು ಬಿಡಿ, ದುಡ್ಡು ಕೊಡ್ತೀನಿ ಅಂದ. ದಿನಾ ಮಾಡೋರು ಎಷ್ಟು ಕೊಟ್ರೂ ಒಲ್ಲೆ ಅಂದ್ರು! ಕೊನೆಗೆ ಕಡಿಮೆ ಮಾಡೋರನ್ನ ಹುಡುಕಿಕೊಂಡು ಅಧ್ಯಯನ ಮಾಡಬೇಕಾಯ್ತು. ವ್ಯಾಯಾಮದ ಗೀಳಿನ ಚರ್ಚೆ ಅಲ್ಲಿಂದ ಶುರು. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯಲ್ಲಿ ಜೂಜಿನ ಗೀಳು ಕಾಯಿಲೆ, ವ್ಯಾಯಾಮದ್ದು ಇನ್ನೂ ಅಲ್ಲ. ಆದರೆ ತಜ್ಞರು ಕೇಳೋ ಪ್ರಶ್ನೆ ಗಂಟೆ ಎಷ್ಟು ಅನ್ನೋದಲ್ಲ. ಪೆಟ್ಟಾದ್ರೂ ನಿಲ್ಲಿಸ್ತಾನಾ? ಒಂದು ದಿನ ತಪ್ಪಿದ್ರೆ ಸಿಡಿಮಿಡಿ ಅಂತಾನಾ? ಅದಕ್ಕಾಗಿ ಮನೆ, ಕೆಲಸ, ಜನ ಬಿಟ್ಟು ಹೋಗ್ತಿದ್ದಾರಾ?

ಮೆಣಸಗಿಯ ತಂಗಿ, ಬಾತ ಮೊಣಕಾಲಿಗೆ ಪಟ್ಟಿ ಕಟ್ಟಿ ಓಡೋದು ಮೊದಲನೇ ಪ್ರಶ್ನೆಗೆ ಉತ್ತರ. ಅದನ್ನ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಮೂಳೆ ಡಾಕ್ಟರಿಗೆ ತೋರಿಸಿ, ನೀವೂ ಜೊತೆಗೆ ಹೋಗಿ. ಅವರ ಮಾತಿಗೆ ಬೆಲೆ ಕೊಡದವರು ಆ ಎಕ್ಸ್-ರೇಗೆ ಕೊಡಬಹುದು. ‘ಕುಡಿಯಲ್ಲವಲ್ಲ’ ಅನ್ನೋದಕ್ಕೆ, ಹೌದು, ಕುಡಿಯಲ್ಲ, ಆದರೆ ಹೆಸರು ಬಿಡಿಸೋಕೆ ಆಳು ಒಂದು ಕಡಿಮೆ ಅಂತ ಲೆಕ್ಕ ಹೇಳಿ. ಅತ್ತೆಗೂ ಅದು ತಿಳಿಯೋ ಲೆಕ್ಕ.

ಇನ್ನೊಂದು ಕೋರಿಕೆ, ಎಲ್ಲರಿಗೂ. ನಿಮ್ಮ ಮನೆಯಲ್ಲಿ ಪೈಲ್ವಾನನ ಹೆಂಡತಿಯಾಗಿ ಬಾಳಿದ ಅಜ್ಜಿ ಇದ್ರೆ, ಫೋನ್ ಎದುರಿಗಿಟ್ಟು ಎರಡು ನಿಮಿಷ ಮಾತಾಡಿಸಿ ಕಳಿಸಿ. ಹಾಲಿನ ಲೆಕ್ಕದಿಂದ ಶುರು ಮಾಡಿ, ಉಳಿದದ್ದು ತಾನಾಗೇ ಬರುತ್ತೆ.