ಬಫರ್ ದ್ರಾವಣಕ್ಕೆ ಪ್ರತ್ಯಾಮ್ಲ ಸೇರಿದಾಗ: ರಕ್ತದ ಲೆಕ್ಕವನ್ನು ಕುರಿತು ಒಂದು ಆಕ್ಷೇಪ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪಿ. ಸಿ. ಜಾಬಿನ್ ವಿಜ್ಞಾನ ಕಾಲೇಜೂ 1957ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜೂ ಒಂದೇ ಪರಿಸರದಲ್ಲಿವೆ. ರಸಾಯನಶಾಸ್ತ್ರದ ಕೊಠಡಿಯಲ್ಲಿ ಕಲಿತ ಬಫರಿನ ಲೆಕ್ಕವನ್ನೇ ರೋಗಿಯ ರಕ್ತಕ್ಕೆ ಅನ್ವಯಿಸಬೇಕಾಗುವ ವಿದ್ಯಾರ್ಥಿಗಳಿರುವ ಇಂಥ ಸ್ಥಳದಲ್ಲಿ ಆ ಅನ್ವಯದ ಬಗೆಗೆ ಒಂದು ಪ್ರಶ್ನೆಯನ್ನೆತ್ತುವುದು ಉಚಿತವೆಂದು ಭಾವಿಸುತ್ತೇನೆ.

ಪೂರ್ವಸೂರಿಗಳ ಕಾರ್ಯವು ಸುವಿದಿತ. 1908ರಲ್ಲಿ ಹೆಂಡರ್ಸನ್ ಸಮತೋಲದ ಸಂಬಂಧವನ್ನು ನಿರೂಪಿಸಿದನು. 1909ರಲ್ಲಿ ಸೋರೆನ್ಸನ್ ಪಿಎಚ್ ಮಾನವನ್ನು ಕೊಟ್ಟನು. ಆ ಬಳಿಕ ಹ್ಯಾಸೆಲ್‌ಬಾಲ್ಕ್ ಸಂಬಂಧವನ್ನು ಲಾಗರಿದಮಿನ ರೂಪಕ್ಕೆ ತಂದನು. 1922ರಲ್ಲಿ ವ್ಯಾನ್ ಸ್ಲೈಕ್ ಬಫರ್ ಮೌಲ್ಯವನ್ನು ಗಣಿತಬದ್ಧಗೊಳಿಸಿದನು. ಲೀಟರಿಗೆ 0.1 ಮೋಲ್ ಅಸಿಟಿಕ್ ಆಮ್ಲವೂ ಅಷ್ಟೇ ಅಸಿಟೇಟೂ ಉಳ್ಳ ಒಂದು ಲೀಟರ್ ದ್ರಾವಣಕ್ಕೆ 0.01 ಮೋಲ್ ಸೋಡಿಯಂ ಹೈಡ್ರಾಕ್ಸೈಡನ್ನು ಬೆರೆಸಿದರೆ, ಆಮ್ಲವು 0.09ಕ್ಕೆ ಇಳಿದು ಅಸಿಟೇಟು 0.11ಕ್ಕೆ ಏರಿ, ಪಿಎಚ್ 4.76ರಿಂದ 4.85ಕ್ಕೆ ಮಾತ್ರ ಸರಿಯುತ್ತದೆ. ಅಷ್ಟೇ ಪ್ರತ್ಯಾಮ್ಲ ಶುದ್ಧಜಲಕ್ಕೆ ಬಿದ್ದರೆ ಪಿಎಚ್ 12ನ್ನು ಮುಟ್ಟುತ್ತದೆ. ಇಲ್ಲಿ ವಿವಾದವಿಲ್ಲ.

ವಿವಾದವಿರುವುದು ಪಿಕೆಎಯ ಆಚೀಚೆ ಒಂದು ಅಂಕದ ಒಳಗೆ ಮಾತ್ರ ಬಫರು ಸಮರ್ಥವೆಂಬ ಪಾಠವನ್ನು ಹಿಡಿದು, 6.1 ಪಿಕೆಎಯ ಬೈಕಾರ್ಬೊನೇಟು 7.4 ಪಿಎಚ್‌ನ ರಕ್ತದಲ್ಲಿ ದುರ್ಬಲವೆಂದು ತೀರ್ಮಾನಿಸುವ ರೂಢಿಯಲ್ಲಿ. ಲೀಟರಿಗೆ 24 ಮಿಲಿಮೋಲ್ ಬೈಕಾರ್ಬೊನೇಟು, 1.2 ಮಿಲಿಮೋಲ್ ಕರಗಿದ ಇಂಗಾಲದ ಡೈಆಕ್ಸೈಡು ಇರುವ ದ್ರಾವಣವನ್ನು ಬಿರಡೆ ಬಿಗಿದ ಸೀಸೆಯಲ್ಲಿಟ್ಟು ಅರ್ಧ ಮಿಲಿಮೋಲ್ ಪ್ರತ್ಯಾಮ್ಲ ಸೇರಿಸೋಣ: ಅನುಪಾತ 24.5ಕ್ಕೆ 0.7, ಪಿಎಚ್ 7.64. ಅದೇ ದ್ರಾವಣದಲ್ಲಿ 40 ಮಿಲಿಮೀಟರ್ ಪಾದರಸದ ಒತ್ತಡದ ಇಂಗಾಲದ ಡೈಆಕ್ಸೈಡನ್ನು ಗುಳ್ಳೆಗುಳ್ಳೆಯಾಗಿ ಹಾಯಿಸುತ್ತಿದ್ದರೆ, ವ್ಯಯವಾದ ಅನಿಲವು ಕೂಡಲೇ ಭರ್ತಿಯಾಗಿ ಛೇದವು 1.2ರಲ್ಲೇ ನಿಲ್ಲುವುದರಿಂದ ಪಿಎಚ್ 7.41. ಸೂತ್ರವೊಂದೇ, ಪಿಕೆಎಯೂ ಒಂದೇ. ವ್ಯತ್ಯಾಸವೆಲ್ಲ ದ್ರಾವಣವು ಮುಚ್ಚಿದೆಯೋ ತೆರೆದಿದೆಯೋ ಎಂಬುದರದು. ಜೀವಂತ ದೇಹವು ಎರಡನೆಯದಕ್ಕೆ ಸಮೀಪ: ಉಸಿರಾಟವು ತುಸು ತಗ್ಗಿದರೆ ಸಾಕು, ಅಂಗಾಂಶಗಳಲ್ಲಿ ನಿರಂತರ ಹುಟ್ಟುವ ಇಂಗಾಲದ ಡೈಆಕ್ಸೈಡು ಆ ಕೊರತೆಯನ್ನು ತುಂಬುತ್ತದೆ. ಆದ್ದರಿಂದ, ಒಂದು ಅಂಕದ ನಿಯಮವನ್ನು ಬೈಕಾರ್ಬೊನೇಟಿಗೆ ಹಚ್ಚುವುದೇ ಅಸಂಗತವೆಂದು ನಾನು ಹೇಳಬಯಸುತ್ತೇನೆ.

ಆದರೂ ಈ ಮಾತಿಗೆ ಮಿತಿಗಳಿವೆ. ಬೈಕಾರ್ಬೊನೇಟಿನ ಅಲ್ಪಾಂಶವು ಕಾರ್ಬೊನೇಟಾಗುವುದನ್ನು ಗಣಿಸಿದರೆ 7.64 ಎಂಬುದು 7.6ರ ಸಮೀಪಕ್ಕೆ ಇಳಿಯುತ್ತದೆ. ಹೀಮೋಗ್ಲೋಬಿನ್ ಮತ್ತು ಪ್ರೋಟೀನುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವಾಗಿ ರಕ್ತದಲ್ಲಿ ಎರಡು ಏರಿಕೆಗಳೂ ಇನ್ನೂ ಕಡಿಮೆಯಾಗಿಯೇ ಇರಬೇಕು. ಶ್ವಾಸಕೋಶವು ರೋಗಗ್ರಸ್ತವಾದಾಗಲಂತೂ ಛೇದವು ಸ್ಥಿರವೆಂಬ ಆಧಾರವೇ ಕುಸಿಯುತ್ತದೆ. ಅಂಥ ರೋಗಿಯಲ್ಲಿ ತೆರೆದ ಲೆಕ್ಕವು ಎಲ್ಲಿಯವರೆಗೆ ನಿಲ್ಲುವುದು, ಮುಚ್ಚಿದ ಲೆಕ್ಕವು ಎಲ್ಲಿಂದ ಆರಂಭವಾಗುವುದು ಎಂಬುದನ್ನು ಇಲ್ಲಿಯ ಸರಳ ಗಣನೆಯಿಂದ ನಿರ್ಣಯಿಸಲಾಗದು.